ಬಸ್ಸಿನೊಳಗೆ ಹೊತ್ತೊಯ್ಯಬಲ್ಲ ಪುಟ್ಟ ಕಾರು: ಅನುಭವವುಳ್ಳವರು ದಯವಿಟ್ಟು ತಿಳಿಸಿ

ಬಸ್‌ಮನೆ:

ಹಳೆಯ ಬಸ್ಸೊಂದನ್ನು ವಾಸಕ್ಕೆಂದು ಮಾರ್ಪಡಿಸುತ್ತಿದ್ದೇವೆ. ಎಂಜಿನ್ ಮುಂಭಾಗದಲ್ಲಿದೆ. ನೆಲ ರಸ್ತೆಯಿಂದ 1 ಮೀಟರ್ ಎತ್ತರದಲ್ಲಿದ್ದು, ಒಳಗಿನ ಅಗಲ 2.3 ಮೀಟರ್, ಎತ್ತರ 1.9 ಮೀಟರ್ ಇದೆ. ಹಿಂದಿನ 3 ಮೀಟರ್ ಉದ್ದವನ್ನು ಕಾರಿಗೆ ಬಿಟ್ಟು ಅದರ ಮೇಲೆ ಮಂಚ ಕಟ್ಟುವ ಆಲೋಚನೆಯಿದೆ. ಬಸ್ಸನ್ನು ಒಂದೆಡೆ ನಿಲ್ಲಿಸಿದ ಮೇಲೆ ಇಬ್ಬರು ಓಡಾಡಲು, ದಿನಸಿ ತರಲು ಸಾಕಾಗುವ ಕಾರು ಬೇಕು. ಹುಡುಕಿ ಕೊಳ್ಳುವುದು ಮೇಲೋ, ನಾವೇ ಕಟ್ಟಿಕೊಳ್ಳುವುದು ಮೇಲೋ? ಮಾಡಿ ನೋಡಿದವರು ತಿಳಿಸಬೇಕೆಂದು ವಿನಂತಿ.

ಮುಂಬಾಗಿಲು:

ನಾನು ಬಿಎಂಡಬ್ಲ್ಯು ಇಸೆಟ್ಟಾ ಹೊತ್ತೊಯ್ಯುತ್ತೇನೆ, ಇನ್ನು ಬೇರೆ ಕಾರನ್ನು ಹುಡುಕುವುದಿಲ್ಲ. 1955ರಿಂದ 1962ರವರೆಗೆ ತಯಾರಾದ ಈ ಕಾರು 2.28 ಮೀಟರ್ ಉದ್ದ, 1.38 ಮೀಟರ್ ಅಗಲ ಮತ್ತು ಸುಮಾರು 350 ಕಿಲೋ ತೂಕವಿದೆ. ಬಸ್ಸಿಗೆ ಇದು ಹೊಂದುವುದು ಅಳತೆಯಿಂದ ಮಾತ್ರವಲ್ಲ, ಬಾಗಿಲಿನಿಂದಲೂ ಹೌದು. ಪಕ್ಕದಲ್ಲಿ ಬಾಗಿಲಿರುವ ಕಾರನ್ನು ಗೋಡೆಗಳ ನಡುವೆ ನಿಲ್ಲಿಸಿದ ಮೇಲೆ ಚಾಲಕ ಹೊರಬರುವುದು ಹೇಗೆಂಬ ಪ್ರಶ್ನೆಯನ್ನು ಕಾರು ಕೊಂಡ ಮೇಲೆಯೇ ಬಹಳಷ್ಟು ಜನ ಕೇಳಿಕೊಳ್ಳುತ್ತಾರೆ. ಇಸೆಟ್ಟಾದ ಒಂದೇ ಬಾಗಿಲು ಮುಂದುಗಡೆ ಇದೆ, ಸ್ಟಿಯರಿಂಗ್ ಕೂಡ ಬಾಗಿಲಿನೊಂದಿಗೇ ಹೊರಕ್ಕೆ ತಿರುಗುತ್ತದೆ. ಹಿಮ್ಮುಖವಾಗಿ ಹತ್ತಿಸಿ ನಿಲ್ಲಿಸಿದರೆ ಬಾಗಿಲು ಬಸ್ಸಿನ ಹಿಂಬಾಗಿಲಿನ ಕಡೆಗೆ ತೆರೆದುಕೊಳ್ಳುತ್ತದೆ, ನಾನು ನೇರವಾಗಿ ರ‍್ಯಾಂಪಿನ ಮೇಲೆ ಕಾಲಿಟ್ಟು ಇಳಿಯುತ್ತೇನೆ.

ಖರ್ಚಿನ ವಿಷಯಕ್ಕೆ ಬರುತ್ತೇನೆ. ಕಾರಿಗಿಂತ ಹೆಚ್ಚು ನುಂಗಿದ್ದು ರ‍್ಯಾಂಪು. ಇಸೆಟ್ಟಾದ ಮುಂದಿನ ಚಕ್ರಗಳ ನಡುವೆ 1.2 ಮೀಟರ್ ಅಂತರವಿದ್ದರೆ ಹಿಂದಿನ ಚಕ್ರಗಳ ನಡುವೆ ಇರುವುದು 52 ಸೆಂಟಿಮೀಟರ್ ಮಾತ್ರ. ಆದ್ದರಿಂದ ಅಂಗಡಿಯಲ್ಲಿ ಜೋಡಿಯಾಗಿ ಸಿಗುವ ಎರಡು ಹಳಿಯ ರ‍್ಯಾಂಪು ಇದಕ್ಕೆ ನಿರುಪಯೋಗಿ, ಪೂರ್ಣ ಅಗಲದ ಹಲಗೆಯೇ ಆಗಬೇಕು. ಬಸ್ಸಿನ ಹಿಂಬಾಗಿಲನ್ನೇ ಕೆಳಕ್ಕೆ ಮಡಚಿ ರ‍್ಯಾಂಪು ಮಾಡೋಣವೆಂದರೆ ಅದರ ಎತ್ತರ 1.9 ಮೀಟರ್ ಮೀರುವುದಿಲ್ಲ, ಅಷ್ಟು ಉದ್ದದ ಹಲಗೆ 1 ಮೀಟರ್ ಏರಬೇಕಾದರೆ ಓರೆ 31 ಡಿಗ್ರಿ ದಾಟುತ್ತದೆ. 3 ಮೀಟರ್ ಉದ್ದಕ್ಕೆ 19.5 ಡಿಗ್ರಿ, 4 ಮೀಟರ್ ಉದ್ದಕ್ಕೆ 14.5 ಡಿಗ್ರಿ. ಹೀಗಾಗಿ ಎರಡು ಮಡಿಕೆಯ ಅಲ್ಯೂಮಿನಿಯಂ ರ‍್ಯಾಂಪು ಮಾಡಿಸಿದೆ. ಅದರ ಕೀಲುಗಳು ಮೊದಲ ಮಳೆಗಾಲದಲ್ಲೇ ಬಿಗಿದುಕೊಂಡವು, ಸ್ಟೇನ್‌ಲೆಸ್ ಪಿನ್ನುಗಳಿಗೆ ಬದಲಾಯಿಸಿದೆ. ಆಮೇಲೆ ಪಿನ್ನು ಕೂರುವ ರಂಧ್ರಗಳೇ ಸವೆದವು, ಅವುಗಳಿಗೆ ಹಿತ್ತಾಳೆಯ ಬುಷ್, ಅಂದರೆ ಒಳಬಳೆ ಹಾಕಿಸಿದೆ. ಕೀಲಿನ ಈ ಖರ್ಚೊಂದೇ ಕಾರನ್ನು ಹಗ್ಗದಿಂದ ಎಳೆದು ಹತ್ತಿಸುವ ವಿಂಚಿನ ಬೆಲೆಯನ್ನು ಮೀರಿತು. ಬಸ್ಸಿನ ಹಿಂಗೋಡೆಯನ್ನು ಕತ್ತರಿಸಿದ ಮೇಲೆ ಮೈಯ ಬಿಗುವು ಹೋಗದಿರಲೆಂದು ತೆರಪಿನ ಸುತ್ತ ಉಕ್ಕಿನ ಚೌಕಟ್ಟು ಬೆಸೆದದ್ದು ಇನ್ನೊಂದು ದೊಡ್ಡ ಲೆಕ್ಕ. ಇಷ್ಟಾದರೂ ನಾನು ತೃಪ್ತ.

ಎಳೆಗಂಬಿ:

ತೃಪ್ತಿಯ ಮಾತು ಇರಲಿ, ತೂಕದ ಮಾತನ್ನು ಯಾರೂ ಎತ್ತಲಿಲ್ಲ. ನಾನೂ ಒಳಗೆ ಹೊತ್ತೊಯ್ದವನೇ, ಈಗ ಹಿಂದೆ ಕಟ್ಟಿ ಎಳೆದೊಯ್ಯುತ್ತೇನೆ. ಕಾರಣವನ್ನು ಅಂಕಿಗಳಲ್ಲೇ ಹೇಳುತ್ತೇನೆ. ನನ್ನ ಬಸ್ಸಿನ ಮುಂದಿನ, ಹಿಂದಿನ ಚಕ್ರಗಳನ್ನು ಹೊತ್ತ ಎರಡು ಆಕ್ಸಲ್‌ಗಳ ನಡುವಿನ ಅಂತರ 5.5 ಮೀಟರ್. ಕಾರಿನ ತೂಕ 500 ಕಿಲೋ, ಅದರ ಮಧ್ಯಬಿಂದು ಹಿಂದಿನ ಆಕ್ಸಲ್‌ನಿಂದ 2.5 ಮೀಟರ್ ಹಿಂದಿತ್ತು. ಹೀಗಿರುವಾಗ ಹಿಂದಿನ ಆಕ್ಸಲ್ ಮೇಲೆ 500 ಕಿಲೋ ಬೀಳುವುದಿಲ್ಲ, 727 ಕಿಲೋ ಬೀಳುತ್ತದೆ. ಹೆಚ್ಚಿನ 227 ಕಿಲೋ ಮುಂದಿನ ಆಕ್ಸಲ್‌ನಿಂದ ಕಿತ್ತುಕೊಂಡದ್ದು. 90 ಕಿಲೋ ತೂಕದ ರ‍್ಯಾಂಪನ್ನು ಇನ್ನೂ ಹಿಂದೆ, 4 ಮೀಟರ್ ದೂರದಲ್ಲಿ ನೇತುಹಾಕಿದರೆ ಮುಂದಿನಿಂದ ಮತ್ತೆ 65 ಕಿಲೋ ಹೋಗುತ್ತದೆ. ಮಳೆಯಲ್ಲಿ ತಿರುವಿಗೆ ಬಂದಾಗ ಸ್ಟಿಯರಿಂಗ್ ಹಗುರಾಗುವುದು, ಮುಂದಿನ ಚಕ್ರಗಳು ಬ್ರೇಕ್ ಒತ್ತಿದೊಡನೆ ಜಾರುವುದು ಎಲ್ಲವೂ ಇದರ ಫಲವೇ. ಹಿಂದಿನ ಸ್ಪ್ರಿಂಗುಗಳಿಗೆ ಪಟ್ಟಿ ಸೇರಿಸಿದೆ, ಟೈರುಗಳನ್ನು ಹೆಚ್ಚು ಭಾರ ತಾಳುವಂಥವಕ್ಕೆ ಬದಲಾಯಿಸಿದೆ, ನೀರಿನ ಟ್ಯಾಂಕನ್ನು ಚಾಲಕನ ಸೀಟಿನ ಹಿಂದಕ್ಕೆ ಸರಿಸಿದೆ. ಟ್ಯಾಂಕು ಸರಿಸಲು ಅಡುಗೆಮನೆಯ ಕೊಳಾಯಿ ವ್ಯವಸ್ಥೆಯನ್ನೆಲ್ಲ ಕಿತ್ತು ಮತ್ತೆ ಹಾಕಬೇಕಾಯಿತು. ಈ ಎಲ್ಲದರ ಮೊತ್ತದಲ್ಲಿ ಬ್ರೇಕುಳ್ಳ ಒಂದು ಒಳ್ಳೆಯ ಟ್ರೇಲರ್ ಬರುತ್ತಿತ್ತು.

ಮುಂಬಾಗಿಲು:

ಎಳೆಗಂಬಿಯವರೇ, ಎಳೆದೊಯ್ಯುವುದರ ಕಷ್ಟಗಳನ್ನು ನೀವು ಬಿಟ್ಟೇಬಿಟ್ಟಿರಿ. ನಾಲ್ಕು ಚಕ್ರವನ್ನೂ ನೆಲಕ್ಕಿಟ್ಟು ಕಂಬಿಯಿಂದ ಎಳೆಯುವ ಕಾರನ್ನು ಕಟ್ಟಿಕೊಂಡು ಬಸ್ಸು ಹಿಮ್ಮುಖ ಚಲಿಸಲಾರದು. ಮುಂದೆ ದಾರಿ ಮುಚ್ಚಿದ ಇಕ್ಕಟ್ಟಿನ ರಸ್ತೆಗೆ ಹೊಕ್ಕರೆ ಕೆಳಗಿಳಿದು ಕಾರನ್ನು ಬಿಚ್ಚಲೇಬೇಕು. ನಿಮ್ಮ ಲೆಕ್ಕ 500 ಕಿಲೋಗೆ, ನನ್ನದು 350 ಕಿಲೋ. ಅದೇ ಅಂತರಗಳನ್ನಿಟ್ಟು ಲೆಕ್ಕ ಹಾಕಿದರೆ ಮುಂದಿನ ಆಕ್ಸಲ್ ಕಳೆದುಕೊಳ್ಳುವುದು 160 ಕಿಲೋಗಿಂತ ಕಡಿಮೆ. ಭಾರವಾದ ಕಾರನ್ನು ಆರಿಸಿಕೊಂಡು ಹೊರುವ ಪದ್ಧತಿಯನ್ನೇ ದೂಷಿಸುವುದು ನ್ಯಾಯವಲ್ಲ.

ಎಳೆಗಂಬಿ:

ಇಸೆಟ್ಟಾ ಇಂದು ಸಂಗ್ರಾಹಕರ ವಸ್ತು. ಅದರ ಬಾಗಿಲಿನ ರಬ್ಬರು, ಬ್ರೇಕಿನ ಬಿಡಿಭಾಗ ಯಾವುದನ್ನೂ ಹತ್ತಿರದ ಅಂಗಡಿಗೆ ನಡೆದು ಹೋಗಿ ತರಲಾಗುವುದಿಲ್ಲ. ಪ್ರಶ್ನೆ ಕೇಳಿದವರು ದಿನಸಿ ತರಬೇಕೆಂದಿದ್ದಾರೆ, ಪ್ರದರ್ಶನಕ್ಕಿಡಬೇಕೆಂದಿಲ್ಲ.

ಕೊಳವೆಚೌಕಟ್ಟು:

ಕಟ್ಟಿಕೊಳ್ಳುವುದರ ಬಗ್ಗೆ ಕೇಳಿದ್ದಾರೆ, ಇದುವರೆಗೆ ಯಾರೂ ಉತ್ತರಿಸಿಲ್ಲ. ನಾನು ಕಟ್ಟಿದ್ದೇನೆ. ಚೌಕ ಕೊಳವೆಯ ಚೌಕಟ್ಟು, ಮೋಟಾರ್‌ಸೈಕಲ್ ಎಂಜಿನ್, ಚೈನಿನಿಂದ ಹಿಂದಿನ ಆಕ್ಸಲ್‌ಗೆ ಚಾಲನೆ. ಮನಸ್ಸಿನಲ್ಲಿದ್ದ ಮಾದರಿ ಪೀಲ್ ಪಿ50. 1962ರಿಂದ 1965ರವರೆಗೆ ಮ್ಯಾನ್ ದ್ವೀಪದಲ್ಲಿ ತಯಾರಾದ ಆ ಮೂರು ಚಕ್ರದ ಕಾರು 137 ಸೆಂಟಿಮೀಟರ್ ಉದ್ದ, 59 ಕಿಲೋ ತೂಕವಷ್ಟೇ ಇದ್ದು, ರಿವರ್ಸ್ ಗೇರ್ ಇಲ್ಲದ ಕಾರಣ ಹಿಂದಿರುವ ಹಿಡಿಯನ್ನು ಹಿಡಿದೆತ್ತಿ ತಿರುಗಿಸುವಂತಿತ್ತು. ಅದು ಒಬ್ಬರಿಗಾದ ಕಾರು. ಇಬ್ಬರು ಕೂರುವಂತೆ ನಾನು ಕಟ್ಟಿದ್ದು 210 ಕಿಲೋ ತೂಗುತ್ತದೆ, ಅದನ್ನು ಒಬ್ಬನೇ ಎತ್ತಿ ತಿರುಗಿಸಲಾಗುವುದಿಲ್ಲ. ಹೀಗಾಗಿ ರಿವರ್ಸ್ ಗೇರ್ ಎಂಬುದು ಇಡೀ ಕೆಲಸದ ಕಗ್ಗಂಟಾಯಿತು. ಮೆಸ್ಸರ್‌ಶ್ಮಿಟ್ ಕೆಆರ್200 ಕಾರಿನಲ್ಲಿ ಎರಡು ಸ್ಟ್ರೋಕಿನ ಎಂಜಿನನ್ನು ನಿಲ್ಲಿಸಿ ವಿರುದ್ಧ ದಿಕ್ಕಿಗೆ ತಿರುಗುವಂತೆ ಮತ್ತೆ ಚಾಲೂ ಮಾಡುತ್ತಿದ್ದರು, ಅದರಿಂದ ನಾಲ್ಕು ಗೇರುಗಳೂ ಹಿಮ್ಮುಖಕ್ಕೆ ಸಿಗುತ್ತಿದ್ದವು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ವಾಲ್ವುಗಳು ತೆರೆದು ಮುಚ್ಚುವ ಕ್ರಮ ಒಂದೇ ದಿಕ್ಕಿಗೆ ಹೊಂದಿಸಿದ್ದಾದ್ದರಿಂದ ಆ ಉಪಾಯ ನಡೆಯುವುದಿಲ್ಲ. ಕೊನೆಗೆ ಪ್ರತ್ಯೇಕ ರಿವರ್ಸ್ ಪೆಟ್ಟಿಗೆಯೊಂದನ್ನು ಎಂಜಿನ್ನಿಗೂ ಆಕ್ಸಲ್‌ಗೂ ನಡುವೆ ಕೂರಿಸಿದೆ. ಅದರ ತೂಕ 14 ಕಿಲೋ. ಅದಕ್ಕಾಗಿ ಚೈನು ಎರಡಾಯಿತು, ಎರಡಕ್ಕೂ ಬಿಗಿತ ಹೊಂದಿಸುವ ಚಕ್ರ ಬೇಕಾಯಿತು, ಸೀಟು ಒಂದು ಗೇಣು ಮುಂದೆ ಸರಿಯಿತು, ಸೀಟು ಸರಿದದ್ದರಿಂದ ಪೆಡಲುಗಳನ್ನು ಮತ್ತೆ ಮಾಡಬೇಕಾಯಿತು.

ಇಷ್ಟನ್ನೂ ಮಾಡಿ ಮುಗಿಸಬಹುದು, ನೋಂದಣಿ ಮಾತ್ರ ಕೈಯಲ್ಲಿರುವುದಿಲ್ಲ. ಪರಿಶೀಲನೆಗೆ ಒಯ್ದಾಗ ಸೀಟ್ ಬೆಲ್ಟಿನ ಕೊಂಡಿಗಳ ಬಲಕ್ಕೆ ಪುರಾವೆ ಕೇಳಿದರು, ಮುಂದಿನ ಗಾಜಿಗೆ ಪ್ರಮಾಣದ ಗುರುತು ಇರಬೇಕೆಂದರು, ದೀಪಗಳ ಎತ್ತರ ಅಳೆದು ಹಿಂದಕ್ಕೆ ಕಳಿಸಿದರು. ಗುರುತಿರುವ ಸಿದ್ಧ ಗಾಜು ನನ್ನ ಚೌಕಟ್ಟಿಗೆ ಕೂರದ್ದರಿಂದ ಗಾಜಿಗೆ ತಕ್ಕಂತೆ ಮುಂಭಾಗವನ್ನೇ ಮತ್ತೆ ಬೆಸೆದೆ. ಕಟ್ಟಲು ಹೊರಟವರು ಮೊದಲ ಕೊಳವೆ ಕತ್ತರಿಸುವ ಮುನ್ನ ನಿಯಮಗಳನ್ನು ತರಿಸಿ ಓದಬೇಕು. ಯುರೋಪಿನಲ್ಲಿ ಹಗುರವಾದ ನಾಲ್ಕು ಚಕ್ರದ ವಾಹನಗಳ ಎಲ್6ಇ ವರ್ಗಕ್ಕೆ ಬ್ಯಾಟರಿ ಬಿಟ್ಟು 425 ಕಿಲೋ ಮತ್ತು ಗಂಟೆಗೆ 45 ಕಿಲೋಮೀಟರ್ ಮಿತಿಯಿದೆ. ಅಮೆರಿಕದಲ್ಲಿ ಕಡಿಮೆ ವೇಗದ ವಾಹನವೆಂಬ ವರ್ಗ 1998ರಿಂದ ಇದ್ದು, ಅದರ ಗರಿಷ್ಠ ವೇಗ ಗಂಟೆಗೆ ಸುಮಾರು 40 ಕಿಲೋಮೀಟರ್.

ಮೌನಮೋಟಾರು:

ಪೆಟ್ರೋಲ್ ಕಾರನ್ನು ಮಲಗುವ ಮಂಚದ ಅಡಿಯಲ್ಲಿ ನಿಲ್ಲಿಸುವ ಬಗ್ಗೆ ಇಷ್ಟು ಜನ ಇಷ್ಟು ಸಲೀಸಾಗಿ ಮಾತನಾಡುತ್ತಿರುವುದು ನನಗೆ ಭಯ ಹುಟ್ಟಿಸುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ನೆಲಮಟ್ಟದಲ್ಲಿ ಹರಡಿ ಗ್ಯಾಸಿನಿಂದ ನಡೆಯುವ ಫ್ರಿಜ್ಜಿನ ಅಥವಾ ಹೀಟರಿನ ಜ್ವಾಲೆಯನ್ನು ತಲುಪುತ್ತದೆ. ಆವಿ ನುಸುಳದ ಅಡ್ಡಗೋಡೆ, ನೆಲಕ್ಕೆ ತಾಗಿದಂತೆ ಹೊರಕ್ಕೆ ತೆರೆದ ಗಾಳಿಕಿಂಡಿ, ಕೆಳಮಟ್ಟದಲ್ಲಿ ಆವಿ ಸೂಚಕ ಇವು ಮೂರೂ ಇಲ್ಲದೆ ಯಾರೂ ಅಲ್ಲಿ ಮಲಗಕೂಡದು.

ನಾನು ರೆನೋ ಟ್ವಿಝಿ ಎಂಬ ವಿದ್ಯುತ್ ಕಾರು ಕೊಂಡೆ. 2.34 ಮೀಟರ್ ಉದ್ದ, 6.1 ಕಿಲೋವ್ಯಾಟ್ ಅವರ್ ಬ್ಯಾಟರಿ, ಮನೆಯ ಸಾಮಾನ್ಯ ಸಾಕೆಟ್ಟಿನಲ್ಲಿ ಮೂರೂವರೆ ಗಂಟೆಯಲ್ಲಿ ತುಂಬುತ್ತದೆ. ತೊಡಕು ಬಂದದ್ದು ಬಾಗಿಲಿನಿಂದ. ಟ್ವಿಝಿಯ ಬಾಗಿಲುಗಳು ಮೇಲಕ್ಕೆ ಏಳುತ್ತವೆ, ಮೇಲಿದ್ದ ಮಂಚ ಅವನ್ನು ಏಳಲು ಬಿಡಲಿಲ್ಲ. ಮಂಚವನ್ನು ಕಿತ್ತು, ಹಳಿಯ ಮೇಲೆ ಮೇಲಕ್ಕೂ ಕೆಳಕ್ಕೂ ಚಲಿಸುವಂತೆ ನಾಲ್ಕು ಮೂಲೆಗೆ ಪಟ್ಟಿ ಕಟ್ಟಿ ಮೋಟಾರು ಜೋಡಿಸಿದೆ. ಒಂದು ಮೂಲೆಯ ಪಟ್ಟಿ ಹಿಗ್ಗಿ ಮಂಚ ಓರೆಯಾಗಿ ಸಿಕ್ಕಿಕೊಂಡಿತು, ನಾಲ್ಕನ್ನೂ ಉಕ್ಕಿನ ಹಗ್ಗಕ್ಕೆ ಬದಲಾಯಿಸಿದೆ. ಈಗ ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದು ಸಿಟ್ರೊಯೆನ್ ಅಮಿ. 2020ರಲ್ಲಿ ಬಂದ ಇದು 2.41 ಮೀಟರ್ ಉದ್ದ, 1.39 ಮೀಟರ್ ಅಗಲ, 5.5 ಕಿಲೋವ್ಯಾಟ್ ಅವರ್ ಬ್ಯಾಟರಿ, ಬಾಗಿಲು ಪಕ್ಕಕ್ಕೆ ತೆರೆಯುತ್ತದೆ.

ಕೊಳವೆಚೌಕಟ್ಟು:

ಮೌನಮೋಟಾರು ಅವರೇ, ಪೆಟ್ರೋಲಿನ ಅಪಾಯವನ್ನು ಹೇಳಿದಿರಿ, ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಅದನ್ನು ಆರಿಸುವುದು ಎಷ್ಟು ಕಷ್ಟವೆಂಬುದನ್ನು ಹೇಳಲಿಲ್ಲ. ಅದೂ ಅದೇ ಮಂಚದ ಅಡಿಯಲ್ಲೇ ಇದೆ. ಗಂಟೆಗೆ 45 ಕಿಲೋಮೀಟರಿನ ಅಮಿಯನ್ನು ಊರಿನಾಚೆಯ ಹೆದ್ದಾರಿಗೆ ಒಯ್ದರೆ ಹಿಂದಿನ ಲಾರಿಗಳಿಗೆ ಏನು ಉತ್ತರ ಕೊಡುತ್ತೀರಿ?

ಮೌನಮೋಟಾರು:

ಎಲ್ಲ ಲಿಥಿಯಂ ಬ್ಯಾಟರಿಗಳನ್ನು ಒಂದೇ ಎಂದು ಮಾತನಾಡಬೇಡಿ. ಲಿಥಿಯಂ ಐರನ್ ಫಾಸ್ಫೇಟ್ ರಸಾಯನ ಉಳಿದವಕ್ಕಿಂತ ಹೆಚ್ಚು ಶಾಖವನ್ನು ತಾಳಿಕೊಳ್ಳುತ್ತದೆ. ನಾನು ಬಸ್ಸು ಚಲಿಸುತ್ತಿರುವಾಗಲೂ, ನಾವು ಮಲಗಿರುವಾಗಲೂ ಕಾರನ್ನು ಚಾರ್ಜಿಗೆ ಹಾಕುವುದಿಲ್ಲ, ಹಗಲಿನಲ್ಲಿ ಕಾರನ್ನು ಹೊರಗಿಳಿಸಿಯೇ ತುಂಬಿಸುತ್ತೇನೆ. ಹೆದ್ದಾರಿಯ ಪ್ರಶ್ನೆ ನಿಮ್ಮ 210 ಕಿಲೋ ಕೊಳವೆ ಗಾಡಿಗೂ ಅನ್ವಯಿಸುತ್ತದೆ. ಡಿಕ್ಕಿಯಾದರೆ ಅದರಲ್ಲಿ ಕೂತವರ ಗತಿಯೇನೆಂದು ಯಾರೂ ಪರೀಕ್ಷಿಸಿಲ್ಲ.

ಕೊಳವೆಚೌಕಟ್ಟು:

ನನ್ನ ಬೆಸುಗೆಯನ್ನು ನೋಡದೆಯೇ ತೀರ್ಪು ಕೊಡಬೇಡಿ. ಪ್ರತಿ ಸಂದಿಗೂ ತ್ರಿಕೋನದ ಆಸರೆ ಕೊಟ್ಟಿದ್ದೇನೆ, ಪರಿಶೀಲಕರು ಅದನ್ನು ಒಪ್ಪಿ ಸಹಿ ಹಾಕಿದ್ದಾರೆ.

ತಗ್ಗುಛಾವಣಿ:

ಎಲ್ಲರೂ ಉದ್ದ, ಅಗಲ, ತೂಕವನ್ನೇ ಹಿಡಿದುಕೊಂಡಿದ್ದೀರಿ, ಎತ್ತರವನ್ನು ಕೇಳುವವರಿಲ್ಲ. 1.9 ಮೀಟರ್ ಒಳಎತ್ತರದಲ್ಲಿ 1.52 ಮೀಟರಿನ ಅಮಿ ನಿಲ್ಲಿಸಿದರೆ ಮೇಲುಳಿಯುವುದು 38 ಸೆಂಟಿಮೀಟರ್. ಮಂಚದ ಹಲಗೆ, ಹಾಸಿಗೆ ಕಳೆದರೆ ಮಲಗಿದವರು ಮಗ್ಗುಲಾಗಲಾರರು. ನಾನು 1991ರಲ್ಲಿ ಬಿಡುಗಡೆಯಾದ ಸುಝುಕಿ ಕ್ಯಾಪುಚಿನೋ ಹೊತ್ತೊಯ್ಯುತ್ತೇನೆ. ಎತ್ತರ 1.185 ಮೀಟರ್, ಅಗಲ 1.395 ಮೀಟರ್, ಮೇಲೆ 70 ಸೆಂಟಿಮೀಟರ್ ಉಳಿಯುತ್ತದೆ. ಪುಟ್ಟ ಕಾರುಗಳಿಗೆಂದಿರುವ ಜಪಾನಿನ ಕೀ ವರ್ಗದ ಅಂದಿನ ಮಿತಿಗೆ ಸರಿಯಾಗಿ ಮಾಡಿದ್ದರಿಂದ 3.295 ಮೀಟರ್ ಉದ್ದವಿದೆ. ಬಸ್‌ಮನೆಯವರು 3 ಮೀಟರ್ ಎಂದಿದ್ದಾರೆ, ಕಪಾಟೊಂದನ್ನು ಬಿಟ್ಟುಕೊಟ್ಟರೆ ಉಳಿದ ಒಂದಡಿ ಸಿಗುತ್ತದೆ. ಛಾವಣಿಯ ಫಲಕಗಳು ಕಳಚುವಂಥವಾದ್ದರಿಂದ ಬಾಗಿಲು ತೆರೆಯದಿದ್ದರೂ ಮೇಲಿನಿಂದ ಹೊರಬರಬಹುದು.

ಎಳೆಗಂಬಿ:

ಅದರ ತೂಕ ಸುಮಾರು 700 ಕಿಲೋ. ಮೇಲೆ ಕೊಟ್ಟ ಲೆಕ್ಕವನ್ನು ಇನ್ನೊಮ್ಮೆ ಓದಿ, ಮುಂದಿನ ಆಕ್ಸಲ್‌ನಿಂದ 318 ಕಿಲೋ ಹೋಗುತ್ತದೆ.

ತಗ್ಗುಛಾವಣಿ:

ನನ್ನ ಬಸ್ಸಿನಲ್ಲಿ ಹಿಂದಿನ ಆಕ್ಸಲ್ಲಿನಾಚೆಗಿನ ಚಾಚು ನಿಮ್ಮದರಷ್ಟು ಉದ್ದವಿಲ್ಲ, ಕಾರಿನ ಎಂಜಿನ್ ಆಕ್ಸಲ್ ಹತ್ತಿರಕ್ಕೆ ಬರುವಂತೆ ಮುಮ್ಮುಖವಾಗಿಯೇ ಹತ್ತಿಸುತ್ತೇನೆ. ನಿಮ್ಮ ಬಸ್ಸಿನ ಅಂಕಿಗಳನ್ನು ಎಲ್ಲರ ಬಸ್ಸಿಗೂ ಅಂಟಿಸಬೇಡಿ.

ಬಸ್‌ಮನೆ:

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಬಸ್ಸಿನ ಆಕ್ಸಲ್ ಅಂತರ 5.1 ಮೀಟರ್, ಹಿಂದಿನ ಚಾಚು 3.2 ಮೀಟರ್. ಕಟ್ಟುವ ಆಲೋಚನೆಯನ್ನು ನೋಂದಣಿಯ ಕಥೆ ಓದಿದ ಮೇಲೆ ಬಿಟ್ಟಿದ್ದೇವೆ. 400 ಕಿಲೋ ಆಸುಪಾಸಿನ ಕಾರನ್ನು ಹುಡುಕುತ್ತೇವೆ. ಒಳಗೆ ಅದನ್ನು ಯಾವುದಕ್ಕೆ ಬಿಗಿಯುವುದು? ನೆಲ 18 ಮಿಲಿಮೀಟರ್ ಪ್ಲೈವುಡ್.

ಮುಂಬಾಗಿಲು:

ಪ್ಲೈವುಡ್ಡಿಗೆ ಬಿಗಿಯಲೇಬೇಡಿ. ಜೋರಾಗಿ ಬ್ರೇಕ್ ಹಾಕಿದಾಗ ಹೊರೆಯ ತೂಕದ 0.8 ಪಾಲು ಬಲ ಮುಂದಕ್ಕೆ ತಳ್ಳುತ್ತದೆಂದು ಯುರೋಪಿನ ಹೊರೆ ಬಿಗಿಯುವ ಮಾನದಂಡ ಲೆಕ್ಕ ಹಿಡಿಯುತ್ತದೆ. 400 ಕಿಲೋ ಕಾರಿಗೆ ಅದು 320 ಕಿಲೋ ಆಗುತ್ತದೆ, ಮುಂದೆ ಕೂತಿರುವುದು ನಿಮ್ಮ ಮನೆಯವರು. ಚಾಸಿಯ, ಅಂದರೆ ಬಸ್ಸಿನ ತಳದ ಚೌಕಟ್ಟಿನ ಅಡ್ಡ ತೊಲೆಗಳಿಗೆ ಬೋಲ್ಟ್ ಹಾಕಿದ, ಬೆಲ್ಟು ಸಿಕ್ಕಿಸುವ ನಾಲ್ಕು ಬಳೆಗಳು ಬೇಕು. ಬೆಲ್ಟನ್ನು ಕಾರಿನ ಮೈಗೆ ಕಟ್ಟಿದರೆ ಕುಲುಕಾಟದಲ್ಲಿ ಸ್ಪ್ರಿಂಗು ಅದುಮಿದಾಗಲೆಲ್ಲ ಅದು ಸಡಿಲವಾಗುತ್ತದೆ, ಆದ್ದರಿಂದ ಚಕ್ರಗಳ ಮೇಲಿನಿಂದಲೇ ಹಾಯಿಸಿ ಬಿಗಿಯಿರಿ, ಬಸ್ಸಿನ ಮುಂಭಾಗದ ಕಡೆಗಿರುವ ಕಾರಿನ ಚಕ್ರಗಳೆದುರು ಉಕ್ಕಿನ ತಡೆಯೊಂದನ್ನು ಅದೇ ತೊಲೆಗೆ ಬೆಸೆಯಿರಿ.

ಎಳೆಗಂಬಿ:

ಈ ಮಾತನ್ನು ನಾನೂ ಒಪ್ಪುತ್ತೇನೆ. ಅದಕ್ಕೆ ಮುನ್ನ ನೀರಿನ ಟ್ಯಾಂಕು ಮತ್ತು ಡೀಸೆಲ್ ತುಂಬಿಸಿ, ಸಾಮಾನುಗಳನ್ನೆಲ್ಲ ಇಟ್ಟು, ಬಸ್ಸನ್ನು ತೂಕದ ಕಟ್ಟೆಗೆ ಒಯ್ದು ಮುಂದಿನ ಆಕ್ಸಲ್ ಒಂದನ್ನೇ, ಹಿಂದಿನದೊಂದನ್ನೇ ಬೇರೆಬೇರೆಯಾಗಿ ತೂಗಿಸಿ. ಚಾಸಿಯ ಫಲಕದಲ್ಲಿರುವ ಪ್ರತಿ ಆಕ್ಸಲ್ಲಿನ ಮಿತಿಯನ್ನೂ ತೂಗಿದ ಅಂಕಿಗಳನ್ನೂ ಇಲ್ಲಿ ಬರೆಯಿರಿ, ಯಾವ ಕಾರು ಎಷ್ಟು ಹಿಂದೆ ನಿಲ್ಲಬಹುದೆಂದು ಲೆಕ್ಕ ಹಾಕಿ ಕೊಡುತ್ತೇನೆ.