ಸಂಜೆ ಓದಲು ಕೂತರೆ ತಲೆ ಓಡುವುದೇ ಇಲ್ಲ, ನೀವೆಲ್ಲ ಎಂತ ಮಾಡ್ತೀರಿ?

ಕುಂಬಳೆಯವಳು
ಬೆಳಗ್ಗೆ ಕುಂಬಳೆಯಲ್ಲಿ ರೈಲು ಹತ್ತಿ ಮಂಗಳೂರಿಗೆ ಕೆಲಸಕ್ಕೆ ಹೋಗುವವಳು ನಾನು. ಸಂಜೆ ಮನೆಗೆ ಬಂದು ಕೇರಳ ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದಬೇಕು. ಪುಸ್ತಕ ತೆರೆದರೆ ಆಫೀಸಿನ ಬಾಕಿ ಕೆಲಸ, ಅಮ್ಮನ ಮಾತ್ರೆ, ಕುಟುಂಬದ ವಾಟ್ಸಾಪ್ ಗ್ರೂಪಿನ ಜಗಳ ಎಲ್ಲ ಒಟ್ಟಿಗೆ ತಲೆಗೆ ಬರುತ್ತದೆ. ಓದಿದ್ದು ಒಂದೂ ನಿಲ್ಲುವುದಿಲ್ಲ. ಧ್ಯಾನ ಮಾಡು, ಬಾದಾಮಿ ತಿನ್ನು ಅಂತ ಮಾತ್ರ ಹೇಳಬೇಡಿ, ಆ ಉಪದೇಶ ಮನೆಯಲ್ಲೇ ಬೇಕಾದಷ್ಟು ಸಿಗುತ್ತದೆ. ದಿನಾ ಮಾಡಲಿಕ್ಕೆ ಆಗುವಂಥದ್ದು ಏನಾದರೂ ಇದ್ದರೆ ಹೇಳಿ.

ಪೆರ್ಲದ ಮಾಷ್ಟ್ರು
ತಲೆಯಲ್ಲಿ ಓಡುವುದನ್ನೆಲ್ಲ ಮೊದಲು ಒಂದು ಚೀಟಿಗೆ ಇಳಿಸಿ ಮಾರಾಯ್ರೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಜನರನ್ನು ಲ್ಯಾಬಿನಲ್ಲಿ ಮಲಗಿಸಿ ನೋಡಿದ್ದರು, 2018ರಲ್ಲಿ ಅದು ಪ್ರಕಟವಾಯಿತು. ಮಲಗುವ ಮೊದಲು 5 ನಿಮಿಷ ಅರ್ಧ ಜನ ಮುಂದೆ ಮಾಡಬೇಕಾದ ಕೆಲಸ ಬರೆದರು, ಉಳಿದವರು ಮಾಡಿ ಮುಗಿಸಿದ್ದನ್ನು ಬರೆದರು. ಮುಂದಿನ ಕೆಲಸ ಬರೆದವರಿಗೆ ಸರಾಸರಿ 9 ನಿಮಿಷ ಬೇಗ ನಿದ್ದೆ ಬಂತು. ಅದರಲ್ಲೂ ವಿವರವಾಗಿ ಬರೆದವರಿಗೆ ಇನ್ನೂ ಬೇಗ. ಹಾಗಾಗಿ ಸುಮ್ನೆ "ಮಾತ್ರೆ" ಅಂತ ಗೀಚಿದರೆ ಸಾಲದು, ಯಾವ ಮಾತ್ರೆ, ಯಾವ ಅಂಗಡಿ, ನಾಳೆ ಯಾವಾಗ ಅಂತ ಬರೆಯಿರಿ. ಅದು ನಿದ್ದೆಯ ಲೆಕ್ಕ, ಒಪ್ಪುತ್ತೇನೆ. ಆದರೆ ಓದಲು ಕೂರುವ ಮೊದಲೂ ಇದೇ ಉಪಾಯ ನನಗೆ ಆಗುತ್ತದೆ.

ಅಡಿಕೆ_ಸುಲಿಯುವವ
ಸಂಜೆ ರೈಲಿಳಿದು ಚಹಾ ಕುಡಿಯುತ್ತೀರಲ್ವಾ? ಅಲ್ಲಿಂದಲೇ ಶುರು. ಕುಡಿದ ಕೆಫೀನಿನ ಅರ್ಧ ಮೈಯಿಂದ ಹೋಗಲಿಕ್ಕೆ ಸುಮಾರು 5 ಗಂಟೆ ಬೇಕು, ಒಬ್ಬೊಬ್ಬರಿಗೆ ಒಂದೊಂದು ಥರ. 7 ಗಂಟೆಗೆ ಕುಡಿದರೆ ಮಧ್ಯರಾತ್ರಿಗೂ ಅರ್ಧ ಒಳಗೇ ಇರುತ್ತದೆ. ನಿದ್ದೆ ಕೆಡುತ್ತದೆ, ಮರುದಿನ ತಲೆ ಮಂದ, ಮತ್ತೆ ಚಹಾ. ದೊಡ್ಡವರಿಗೆ 7 ಗಂಟೆಯಾದರೂ ನಿದ್ದೆ ಬೇಕು. ಅದು ಇಲ್ಲದೆ ಚೀಟಿ ಬರೆದು ಎಂತ ಮಾಡುವುದು?

ಚಂದ್ರಗಿರಿ_ದಡ
ಸ್ಟೇಶನ್ನಿನಿಂದ ಮನೆಗೆ ನಡೆದೇ ಹೋಗಿ. ಫೋನ್ ಬ್ಯಾಗಿನಲ್ಲಿರಲಿ. ನನಗೆ ಒಳ್ಳೆ ಯೋಚನೆ ಬರುವುದೆಲ್ಲ ನಡೆಯುವಾಗಲೇ.

ಪೆರ್ಲದ ಮಾಷ್ಟ್ರು
@ಚಂದ್ರಗಿರಿ_ದಡ ನಡಿಗೆ ಒಳ್ಳೆಯದೇ. ಆದರೆ ಸ್ಟ್ಯಾನ್‌ಫರ್ಡ್‌ನವರ 2014ರ ಪ್ರಯೋಗದಲ್ಲಿ ಒಂದು ತಮಾಷೆ ಇದೆ. ನಡೆಯುವವರಿಗೆ ಹೊಸ ಹೊಸ ಐಡಿಯಾ ಜಾಸ್ತಿ ಬಂತು. ಒಂದೇ ಸರಿಯುತ್ತರ ಇರುವ ಪ್ರಶ್ನೆಗೆ ಮಾತ್ರ ಅದರಿಂದ ಲಾಭ ಆಗಲಿಲ್ಲ, ಸ್ವಲ್ಪ ಹಿಂದೆಯೇ ಬಿದ್ದರು. ಪಿಎಸ್‌ಸಿಯಲ್ಲಿ ನಾಲ್ಕರಲ್ಲಿ ಒಂದನ್ನು ಆರಿಸುವುದು ಅಲ್ವಾ! ಮನೆಗೆ ಬರುವಾಗ ನಡೆಯಿರಿ, ಪ್ರಶ್ನೆಗಳನ್ನು ಕೂತು ಬಿಡಿಸಿ.

ಬದಿಯಡ್ಕ_ಅಕ್ಕ
ನಾನೂ ಪಿಎಸ್‌ಸಿ ಬರೆದವಳೇ. ತಂಗೀ, ನಿನ್ನ ತಲೆಗೆ ಏನೂ ಆಗಿಲ್ಲ, ಓದುವ ಕ್ರಮ ಬದಲಿಸು. ಒಂದು ಪುಟ ಓದಿ ಪುಸ್ತಕ ಮುಚ್ಚು. ಈಗ ಏನು ಓದಿದೆ ಅಂತ ಬಾಯಿಬಿಟ್ಟು ಹೇಳು. ಪುನಃ ಪುನಃ ಓದುವಾಗ ಎಲ್ಲ ಗೊತ್ತಿದೆ ಅನಿಸುತ್ತದೆ, ಮುಚ್ಚಿ ಹೇಳುವಾಗಲೇ ಎಲ್ಲಿ ಖಾಲಿ ಇದೆ ಅಂತ ಕಾಣುವುದು. ಒಂದು ವಾರ ಕಳೆದು ಕೇಳಿದರೆ ಹೀಗೆ ನೆನಪಿಸಿಕೊಂಡವರಿಗೇ ಜಾಸ್ತಿ ಉಳಿದಿತ್ತು ಅಂತ 2006ರಲ್ಲಿ ರೋಡಿಗರ್, ಕಾರ್ಪಿಕಿ ಅನ್ನುವವರು ತೋರಿಸಿದ್ದಾರೆ. ಇಸವಿಗಳನ್ನು ಬಿಡಿಬಿಡಿಯಾಗಿ ಉರು ಹೊಡೆಯಬೇಡ. 1956 ನವೆಂಬರ್ 1ಕ್ಕೆ ಕೇರಳ ಆಯಿತು, ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಿಂದ ಅಲ್ಲಿಗೆ ಹೋಯಿತು. ಮೊದಲು ಕಣ್ಣೂರು ಜಿಲ್ಲೆಯಲ್ಲಿತ್ತು, 1984 ಮೇ 24ಕ್ಕೆ ನಮ್ಮದೇ ಜಿಲ್ಲೆ ಆಯಿತು. ಇದನ್ನು ಒಂದು ಕಥೆಯ ಹಾಗೆ ಅಮ್ಮನಿಗೆ ಹೇಳಿ ನೋಡು. ತುಳುವಿನಲ್ಲಾದರೂ ಹೇಳು, ಮಲಯಾಳದಲ್ಲಾದರೂ ಹೇಳು. ಅವರು "ಯಾಕೆ ಹಾಗಾಯಿತು" ಅಂತ ಕೇಳಿದರೆ ಇನ್ನೂ ಒಳ್ಳೆಯದು. ಮತ್ತೆ ಆ ಕುಟುಂಬದ ಗ್ರೂಪನ್ನು ಮ್ಯೂಟ್ ಮಾಡು, ಜಗಳ ನಾಳೆಗೂ ಇರುತ್ತದೆ.

ಕುಂಬಳೆಯವಳು
ಎಲ್ಲರಿಗೂ ಥ್ಯಾಂಕ್ಸ್. ಗ್ರೂಪ್ ಈಗಲೇ ಮ್ಯೂಟ್ ಮಾಡಿದೆ. ಚಹಾ ಬಿಡುವುದು ಕಷ್ಟ, ಬೇಕಾದರೆ ಮಧ್ಯಾಹ್ನಕ್ಕೆ ತರಬಹುದು. ಚೀಟಿ ರೈಲಲ್ಲೇ ಬರೆಯೋಣ ಅಂದರೆ ಸಂಜೆ ಕೂರಲಿಕ್ಕೆ ಜಾಗ ಎಲ್ಲಿ ಸಿಗುತ್ತದೆ ಮಾಷ್ಟ್ರೇ?

ಪೆರ್ಲದ ಮಾಷ್ಟ್ರು
ರೈಲು ಬರುವ ಮೊದಲು ಪ್ಲಾಟ್‌ಫಾರ್ಮಿನಲ್ಲಿ ಬರೆಯಿರಿ. ಅದು ಲೇಟಾಗಿಯೇ ಬರುವುದು.