ಪದಚರ್ಚೆ: ‘ಓವರ್‌ಆಕ್ಟಿವ್ ಬ್ಲಾಡರ್’ಗೆ, ‘ಕ್ಲಿನಿಕಲ್ ಟ್ರಯಲ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಎರಡು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು. ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ನನ್ನ ಅಮ್ಮನಿಗೆ 68 ವರ್ಷ. ಎರಡು ವರ್ಷದಿಂದ ಅವರಿಗೆ ಓವರ್‌ಆಕ್ಟಿವ್ ಬ್ಲಾಡರ್, ಅಂದರೆ ಮೂತ್ರದ ಅವಸರವನ್ನು ತಡೆದುಕೊಳ್ಳಲಾಗದ ತೊಂದರೆ ಇದೆ. ಮದುವೆ ಮನೆಗೆ ಹೋದರೆ ಮೊದಲು ಬಾತ್‌ರೂಮ್ ಎಲ್ಲಿದೆ ಅಂತ ನೋಡಿಕೊಳ್ಳುತ್ತಾರೆ. ಬಸ್ಸು ಹತ್ತುವುದನ್ನೇ ಬಿಟ್ಟಿದ್ದಾರೆ. ಇದಕ್ಕೆ ಕೊಡುವ ಸಾಲಿಫೆನಸಿನ್ ಮಾತ್ರೆ ತೆಗೆದುಕೊಂಡರು, ಬಾಯಿ ಒಣಗಿ ಊಟವೇ ಸೇರದಂತಾಯಿತು. ಈಚೆಗೆ ಒಂದು ಆಸ್ಪತ್ರೆಯಲ್ಲಿ ಹೊಸ ಔಷಧದ ಟ್ರಯಲ್‌ಗೆ ಸೇರುತ್ತೀರಾ ಅಂತ ಕೇಳಿ, ಕನ್ನಡದಲ್ಲೇ ಅಚ್ಚಾದ 14 ಪುಟಗಳನ್ನು ಕೊಟ್ಟು ಕಳಿಸಿದರು. ಅಮ್ಮ ಮೂರು ಸಲ ಓದಿದರು. ಆಮೇಲೆ, ‘ಅಕ್ಷರ ಎಲ್ಲಾ ಕನ್ನಡದ್ದೇ ಕಣೋ, ಆದ್ರೆ ನಂಗೆ ಏನ್ ಹೇಳ್ತಿದಾರೆ ಅಂತ ತಿಳೀಲಿಲ್ಲ’ ಅಂದರು.

ಮೊದಲ ಪುಟದಲ್ಲೇ ‘ಅತಿಕ್ರಿಯಾಶೀಲ ಮೂತ್ರಕೋಶ’ ಅಂತಿತ್ತು. ಇದರಲ್ಲಿ ಎರಡೂ ಪದ ತೊಡಕಿನವೇ. ಶಾಲೆಯ ಪುಸ್ತಕದಲ್ಲಿ ಕಿಡ್ನಿಗೆ ಮೂತ್ರಪಿಂಡ, ಮೂತ್ರಜನಕಾಂಗ ಅಂತಿದೆ. ಬ್ಲಾಡರ್‌ಗೆ ಮೂತ್ರಕೋಶ, ಮೂತ್ರಾಶಯ. ಪುಸ್ತಕದಲ್ಲಿ ಬೇರೆ ಬೇರೆ ಸರಿ, ಆದರೆ ಕಿವಿಗೆ ಬಿದ್ದಾಗ ನಾಲ್ಕೂ ಒಂದೇ. ಅಮ್ಮ ಮೂತ್ರಕೋಶ ಅಂದರೆ ಕಿಡ್ನಿ ಅಂದುಕೊಂಡು ಎರಡು ದಿನ ನಿದ್ದೆ ಮಾಡಲಿಲ್ಲ. ಇನ್ನು ‘ಕ್ರಿಯಾಶೀಲ’ ನಮ್ಮಲ್ಲಿ ಹೊಗಳುವ ಮಾತು. ಸಂಘದ ಕಾರ್ಯದರ್ಶಿ ಕ್ರಿಯಾಶೀಲ, ಪಕ್ಕದ ಮನೆಯ ಹುಡುಗ ಕ್ರಿಯಾಶೀಲ. ಅದರ ಹಿಂದೆ ‘ಅತಿ’ ಸೇರಿಸಿದರೆ ಕಾಯಿಲೆ ಅನ್ನುವ ಭಾವ ಬರುವುದಿಲ್ಲ.

ನನಗೆ ಅನ್ನಿಸುವುದು, ಅಂಗದ ಹೆಸರನ್ನು ಬಿಟ್ಟು ರೋಗಿಗೆ ಏನಾಗುತ್ತದೆ ಅನ್ನುವುದರಿಂದ ಶುರು ಮಾಡೋಣ. ಇಂಥ ತೊಂದರೆಗಳ ತಜ್ಞರ ಸಂಘವಾದ ಇಂಟರ್‌ನ್ಯಾಷನಲ್ ಕಾಂಟಿನೆನ್ಸ್ ಸೊಸೈಟಿ 2002ರಲ್ಲಿ ಈ ತೊಂದರೆಯನ್ನು ವಿವರಿಸಿದ್ದೂ ಹಾಗೆಯೇ. ಇದ್ದಕ್ಕಿದ್ದಂತೆ ಅವಸರವಾಗುತ್ತದೆ, ತಡೆದುಕೊಳ್ಳುವುದು ಕಷ್ಟ. ಇದೇ ಮುಖ್ಯ ಲಕ್ಷಣ. ಸಾಮಾನ್ಯವಾಗಿ ಹಗಲಲ್ಲಿ ಪದೇ ಪದೇ ಹೋಗಬೇಕಾಗುತ್ತದೆ, ರಾತ್ರಿ ಏಳಬೇಕಾಗುತ್ತದೆ. ಕೆಲವರಿಗೆ ಸೋರಿಯೂ ಹೋಗುತ್ತದೆ, ಕೆಲವರಿಗೆ ಇಲ್ಲ. ಮೂತ್ರದ ಸೋಂಕಿನಂಥ ಬೇರೆ ಕಾರಣ ಇರಬಾರದು.

ಹಾಗಾಗಿ ‘ಬಹುಮೂತ್ರ’ ಇಲ್ಲಿ ಸಲ್ಲದು. ಅದು ಮೂತ್ರದ ಪ್ರಮಾಣವೇ ಜಾಸ್ತಿ ಆಗುವುದು. ಇಲ್ಲಿ ಹೋಗುವ ಸಲ ಜಾಸ್ತಿ, ಪ್ರತಿ ಸಲ ಬರುವುದು ಸ್ವಲ್ಪವೇ. ‘ಉರಿಮೂತ್ರ’ವೂ ಬೇರೆ.

ಹಾಗಾದರೆ ಯಾವ ಪದ? ನಮ್ಮ ಹತ್ತಿರ ‘ಜಲಬಾಧೆ’ ಇದೆಯಲ್ಲ! ಮೂತ್ರಕ್ಕೆ ಹೋಗುವಾಗ ನಮ್ಮ ತಾತ ‘ಜಲಬಾಧೆ ತೀರಿಸಿಕೊಂಡು ಬರ್ತೀನಿ’ ಅನ್ನುತ್ತಿದ್ದರು. ನಾಲ್ಕು ಜನರ ಮುಂದೆ ಹೇಳಲು ಸಂಕೋಚವಿಲ್ಲದ ಮಾತು. ಅದರಲ್ಲಿ ‘ಬಾಧೆ’ ಅನ್ನುವುದು ಆಗಲೇ ಕೂತಿದೆ. ಅದು ಇದ್ದಕ್ಕಿದ್ದಂತೆ ಬಂದು ತಡೆಯಲಾಗದಂತಾದರೆ ಅದನ್ನೇ ಅಲ್ವಾ ವೈದ್ಯರು ಅರ್ಜೆನ್ಸಿ ಅನ್ನುವುದು? ‘ತಡೆಯಲಾಗದ ಜಲಬಾಧೆ’ ಅಂದರೆ ಹೇಗೆ? ಅಮ್ಮನಿಗೆ ಹೇಳಿದೆ, ಒಂದೇ ಸಲಕ್ಕೆ ಅರ್ಥವಾಯಿತು. ಆದರೆ ನನ್ನ ಮಗಳು ಈ ಪದವನ್ನು ಕೇಳಿಯೇ ಇರಲಿಲ್ಲ. ಅವಳ ವಯಸ್ಸಿನವರು ‘ಅರ್ಜೆಂಟ್ ಆಗಿದೆ’ ಅನ್ನುತ್ತಾರೆ. ಅದನ್ನೂ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಜನರ ಬಾಯಲ್ಲಿ ಅದೂ ಕನ್ನಡವೇ ಆಗಿದೆ.

ಎರಡನೆಯದು ‘ಕ್ಲಿನಿಕಲ್ ಟ್ರಯಲ್’. ಪತ್ರಿಕೆಗಳಲ್ಲಿ ವೈದ್ಯಕೀಯ ಪ್ರಯೋಗ, ಔಷಧ ಪ್ರಯೋಗ ಅಂತ ಬರುತ್ತದೆ. ಕೋವಿಡ್ ಲಸಿಕೆಯ ಕಾಲದಲ್ಲಿ ‘ಮಾನವ ಪ್ರಯೋಗ’ ಅಂತಲೂ ಬರೆದರು. ಆ ಪದ ನನಗೆ ಇಷ್ಟವಾಗಲಿಲ್ಲ. ಮನೆಯಲ್ಲಿ ‘ಪ್ರಯೋಗ’ ಅಂದರೆ ಮಾಟ ಮಾಡಿಸುವುದು ಅಂತಲೂ ಅರ್ಥವಿದೆ. ಪ್ರಯೋಗಾಲಯದ ಇಲಿಯೂ ನೆನಪಿಗೆ ಬರುತ್ತದೆ. ‘ನನ್ನ ಮೇಲೆ ಪ್ರಯೋಗ ಮಾಡ್ತಾರಾ?’ ಅಂತ ಅಮ್ಮ ಕೇಳಿದ್ದು ಸಹಜ. ಆ ಹಾಳೆಯಲ್ಲಿ ಉದ್ದಕ್ಕೂ ‘ಪ್ರಯೋಗಕ್ಕೆ ಒಳಪಡುವ ವ್ಯಕ್ತಿ’ ಅಂತಲೇ ಇತ್ತು. ಎಲ್ಲಾ ವಾಕ್ಯವೂ ಕರ್ಮಣಿ ಪ್ರಯೋಗ! ‘ಪರೀಕ್ಷೆಗೆ ಒಳಪಡಿಸಲಾಗುವುದು’, ‘ಔಷಧ ನೀಡಲಾಗುವುದು’. ನಿಜಕ್ಕೂ ಪರೀಕ್ಷೆ ಆಗುವುದು ಔಷಧಕ್ಕೆ. ಮನುಷ್ಯರು ಅದರಲ್ಲಿ ತಾವೇ ಒಪ್ಪಿ ಸೇರುವವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯೂ ಅವರನ್ನು ಪಾರ್ಟಿಸಿಪೆಂಟ್, ಅಂದರೆ ಭಾಗವಹಿಸುವವರು ಅನ್ನುತ್ತದೆ.

ಅದಕ್ಕೆ ‘ಔಷಧವನ್ನು ಒರೆಗೆ ಹಚ್ಚುವುದು’ ಅನ್ನುವ ಮಾತು ನನಗೆ ಹಿಡಿಸಿದೆ. ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ನೋಡಿದ ಹಾಗೆ ಮದ್ದನ್ನು ನೋಡುವುದು. ‘ಮದ್ದಿನ ಒರೆ’ ಅಂತ ಚಿಕ್ಕದು ಮಾಡಬಹುದಾ? ‘ಔಷಧ ಪರೀಕ್ಷೆ’ ಅನ್ನೋಣ ಅಂದರೆ ರಕ್ತಪರೀಕ್ಷೆ, ಮೂತ್ರಪರೀಕ್ಷೆಗಳ ಸಾಲಿಗೆ ಸೇರಿಬಿಡುತ್ತದೆ.

ಒಳಗಿನ ಪುಟಗಳಲ್ಲಿ ಇನ್ನೂ ಇದ್ದವು. ಹೊಸ ಮದ್ದಿನ ಜೊತೆ ಹೋಲಿಸಿ ನೋಡಲು ಕೊಡುವ ಪ್ಲಸೀಬೊಗೆ ‘ಹುಸಿ ಔಷಧ’. ಓದಿದವರಿಗೆ ನಕಲಿ ಮಾತ್ರೆ ಕೊಟ್ಟು ಮೋಸ ಮಾಡುತ್ತಾರೆ ಅನ್ನಿಸುತ್ತದೆ. ‘ಸಪ್ಪೆ ಮಾತ್ರೆ’ ಅಂದರೆ ಮದ್ದಿಲ್ಲದ ಮಾತ್ರೆ ಅಂತ ಹೊಳೆಯುತ್ತದೆ. ‘ಯಾದೃಚ್ಛಿಕವಾಗಿ ಹಂಚಲಾಗುವುದು’ ಅನ್ನುವ ಬದಲು ‘ಯಾರಿಗೆ ಯಾವ ಮಾತ್ರೆ ಅನ್ನುವುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ’ ಅಂದರಾಯಿತು. ಹೊಸ ಮಾತ್ರೆ ಶುರು ಮಾಡುವ ಮೊದಲು ಹಳೆಯದನ್ನು ಕೆಲವು ದಿನ ನಿಲ್ಲಿಸಬೇಕು. ಅದಕ್ಕೆ ವಾಶ್‌ಔಟ್ ಅನ್ನುತ್ತಾರೆ. ಹಾಳೆಯಲ್ಲಿ ‘ತೊಳೆಯುವ ಅವಧಿ’ ಅಂತಿತ್ತು! ‘ಹಳೇ ಮಾತ್ರೆ ನಿಲ್ಲಿಸುವ ದಿನಗಳು’ ಅಂದಿದ್ದರೆ ಸಾಕಾಗಿತ್ತು. ಎಷ್ಟು ಸಲ ಹೋದೆವು, ಎಷ್ಟು ಸಲ ಅವಸರವಾಯಿತು, ಸೋರಿತಾ ಅಂತ ಸಾಮಾನ್ಯವಾಗಿ 3 ದಿನ ಬರೆದಿಡಬೇಕು. ಅದಕ್ಕೆ ಬ್ಲಾಡರ್ ಡೈರಿ ಅನ್ನುತ್ತಾರೆ. ದಿನಕ್ಕೆ ಸರಾಸರಿ 8 ಸಲಕ್ಕಿಂತ ಕಡಿಮೆ ಹೋಗುವವರನ್ನು ಎಷ್ಟೋ ಟ್ರಯಲ್‌ಗಳು ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಈ ಲೆಕ್ಕ ಮುಖ್ಯ. ‘ಜಲಬಾಧೆಯ ಲೆಕ್ಕ’ ಅಂತ ಕರೆಯಬಹುದಾ?

ಇನ್ನೊಂದು ಪದ, ‘ನೇಮಕಾತಿ’, ತುಂಬಾ ದಾರಿ ತಪ್ಪಿಸುತ್ತದೆ. ಇಂಥ ಟ್ರಯಲ್ ಎಲ್ಲಿ ನಡೆಯುತ್ತಿದೆ ಅಂತ ಹುಡುಕಲು ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾ, ಚಿಕ್ಕದಾಗಿ ಸಿಟಿಆರ್‌ಐ, ಅನ್ನುವ ಜಾಲತಾಣವಿದೆ. 2007ರ ಜುಲೈನಲ್ಲಿ ಶುರುವಾಯಿತು. 2009ರ ಜೂನ್ 15ರಿಂದ ಔಷಧ ಟ್ರಯಲ್‌ಗಳ ನೋಂದಣಿ ಕಡ್ಡಾಯ. ಈಗ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮೊದಲೇ ನೋಂದಾಯಿಸಬೇಕು. ಪ್ರತಿ ಟ್ರಯಲ್‌ಗೂ ಒಂದು ನಂಬರ್ ಇರುತ್ತದೆ. ಯಾವ ಊರು, ಯಾವ ಆಸ್ಪತ್ರೆ, ಯಾರು ಸೇರಬಹುದು, ಯಾರು ಸೇರುವಂತಿಲ್ಲ, ಎಲ್ಲಾ ಅಲ್ಲಿ ಸಿಗುತ್ತದೆ. ಅಮ್ಮನಿಗೆ ಹೇಳಿದ ಟ್ರಯಲ್ ಅನ್ನೂ ಅಲ್ಲೇ ತೆಗೆದು ನೋಡಿದೆ. ಅದರಲ್ಲಿ ‘ಓಪನ್ ಟು ರಿಕ್ರೂಟ್‌ಮೆಂಟ್’ ಅಂತಿತ್ತು. ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿದರೆ ‘ನೇಮಕಾತಿಗೆ ಮುಕ್ತ’ ಅಂತ ಬಂತು. ನೇಮಕಾತಿ ಅಂದರೆ ಕೆಲಸ, ಸಂಬಳ! ‘ಜನರನ್ನು ಸೇರಿಸಿಕೊಳ್ಳುತ್ತಿದ್ದಾರೆ’ ಅಂದರೆ ಗೊಂದಲವಿಲ್ಲ. ಅಲ್ಲಿ ಹುಡುಕುವುದು ಮಾತ್ರ ಇಂಗ್ಲಿಷ್ ಹೆಸರಿನಿಂದಲೇ. ಹಾಗಾಗಿ ನಾವು ಎಂಥ ಚೆಂದದ ಪದ ಕಟ್ಟಿದರೂ ಪಕ್ಕದಲ್ಲಿ ‘ಓವರ್‌ಆಕ್ಟಿವ್ ಬ್ಲಾಡರ್’ ಅನ್ನುವುದನ್ನೂ ಉಳಿಸಿಕೊಳ್ಳಬೇಕು.

ಕೊನೆಯ ಪುಟದ ‘ಮಾಹಿತಿಪೂರ್ಣ ಸಮ್ಮತಿ’ಯ ಬಗ್ಗೆ ನನಗೆ ಅನುಮಾನವೇ ಇಲ್ಲ, ಅದು ‘ತಿಳಿದು ಕೊಟ್ಟ ಒಪ್ಪಿಗೆ’. ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್‌ಗಳ 2019ರ ನಿಯಮಗಳ ಪ್ರಕಾರ ಸೇರುವವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು. ಓದಲು ಬಾರದವರಾದರೆ ಟ್ರಯಲ್‌ಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಜೊತೆಗಿರಬೇಕು. ಯಾವಾಗ ಬೇಕಾದರೂ ಬಿಟ್ಟು ಬರಬಹುದು. ಟ್ರಯಲ್‌ನಿಂದಲೇ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಇವೆ. ಆದರೆ ‘ತೊಳೆಯುವ ಅವಧಿ’ ಅಂತ ಓದಿ ಸಹಿ ಹಾಕಿದವರು ತಿಳಿದು ಒಪ್ಪಿದರು ಅಂತ ಹೇಗೆ ಹೇಳುವುದು?

ಧಾರವಾಡ, ಬಳ್ಳಾರಿ ಕಡೆಯವರಲ್ಲಿ ಒಂದು ವಿಶೇಷ ಕೋರಿಕೆ. ನಿಮ್ಮಲ್ಲಿ ಮೂತ್ರಕ್ಕೆ ಹೋಗುವುದಕ್ಕೆ ‘ಕಾಲ್ಮಡಿ’ ಅನ್ನುವುದನ್ನು ಕೇಳಿದ್ದೇನೆ. ತಡೆಯಲಾಗದ ಅವಸರಕ್ಕೆ ಬೇರೆ ಮಾತು ಇದೆಯಾ? ಕರಾವಳಿಯವರು ‘ಮೂತ್ರಶಂಕೆ’ ಅನ್ನುವುದು ಈ ಅವಸರಕ್ಕೂ ಹೊಂದುತ್ತದಾ? ‘ಜಲಬಾಧೆ’ ಎಲ್ಲೆಲ್ಲಿ ಇನ್ನೂ ಬಳಕೆಯಲ್ಲಿದೆ? ಅಮ್ಮ ಮುಂದಿನ ಸೋಮವಾರ ಆಸ್ಪತ್ರೆಗೆ ಹೋಗಬೇಕು. ಅಷ್ಟರೊಳಗೆ ಆ 14 ಪುಟಗಳನ್ನು ಅವರಿಗಾಗಿ ಮತ್ತೆ ಬರೆಯುತ್ತಿದ್ದೇನೆ, ಈಗ ಆರನೇ ಪುಟದಲ್ಲಿದ್ದೇನೆ.