ಮಾರ್ಕ್ ಅವರನ್ನು ಹೊರಗಿಟ್ಟ ಆಲ್ಬಮ್

ಚಿಕ್ಕಪ್ಪ: ನೀನು ಹಂಚಿದ ‘ಐ ಫೀಲ್ ಸೋ’ ಹಾಡನ್ನು ಪೂರ್ತಿ ಕೇಳಿದೆ. ಅಮೆರಿಕದ ಪಾಪ್-ಪಂಕ್ ರಾಕ್ ತಂಡ ಬ್ಲಿಂಕ್-182ರ ಟಾಮ್ ಡಿಲಾಂಗ್ ಇಷ್ಟು ಗಂಭೀರವಾಗಿ ಹಾಡಬಲ್ಲರು ಎಂಬುದನ್ನು ಒಪ್ಪುತ್ತೇನೆ. ಆದರೂ ಈ ಹಾಡಿಗಾಗಿ ಅವರು ಬೇರೆಯಾಗಿ ಕಟ್ಟಿದ ಬಾಕ್ಸ್ ಕಾರ್ ರೇಸರ್ ತಂಡವನ್ನು ಮೆಚ್ಚಲು ನನ್ನಿಂದಾಗದು. ಬ್ಲಿಂಕ್‌ನಂಥ ಮೂವರ ತಂಡದಲ್ಲಿ ಮಾರ್ಕ್ ಒಬ್ಬರನ್ನು ಬಿಟ್ಟು ಇಬ್ಬರು ಬೇರೆಯಾಗಿ ಕೂಡಿಕೊಂಡರೆ ಅದನ್ನು ಒಡಕು ಎನ್ನದೆ ಇನ್ನೇನೆಂದು ಕರೆಯಬೇಕು?

ತಮ್ಮ: ಸ್ಟುಡಿಯೋಗೆ ಬೇರೊಬ್ಬ ಡ್ರಮ್ಮರ್‌ಗೆ ಹಣ ಕೊಡುವುದು ಬೇಡವೆಂದು ಬ್ಲಿಂಕ್‌ನ ಡ್ರಮ್ಮರ್ ಟ್ರಾವಿಸ್ ಬಾರ್ಕರ್ ಅವರನ್ನು ಕರೆದೆನೆಂದು ಟಾಮ್ ಅವರೇ ಹೇಳಿದ್ದಾರೆ, ಚಿಕ್ಕಪ್ಪ. ಅಲ್ಲದೆ ಈ ತಂಡದ ಆಲ್ಬಮ್ಮಿನ ‘ಎಲಿವೇಟರ್’ ಹಾಡಿನಲ್ಲಿ ಮಾರ್ಕ್ ಹಾಪಸ್ ಅವರೂ ಹಾಡಿದ್ದಾರೆ.

ಚಿಕ್ಕಪ್ಪ: ತಮ್ಮ ತಂಡದವರದೇ ಆಲ್ಬಮ್‌ನಲ್ಲಿ ಅತಿಥಿಯಾಗಿ ಒಂದು ಹಾಡು ಹಾಡಿ ಹೋಗುವುದು ಗೌರವವೇ?

ಅಕ್ಕ: ಮಾರ್ಕ್ ನೊಂದದ್ದು ನ್ಯಾಯವೇ, ಚಿಕ್ಕಪ್ಪ, ಅದರಲ್ಲಿ ನಾನು ನಿಮ್ಮ ಪಕ್ಷ. ಆದರೆ ಆ ನೋವಿನಿಂದಾಗಿ ಆಲ್ಬಮ್ಮನ್ನೇ ತಳ್ಳಿಹಾಕುವುದನ್ನು ಒಪ್ಪಲಾರೆ. 2001ರ ಪ್ರವಾಸದ ಹೊತ್ತಿಗೆ ಬೆನ್ನುನೋವಿನಿಂದ ನರಳುತ್ತಿದ್ದ ಟಾಮ್ ಅವರಿಗೆ, ಫುಗಾಜಿ ಮತ್ತು ಸ್ವೀಡನ್ನಿನ ರೆಫ್ಯೂಸ್ಡ್ ತಂಡಗಳ ಪೋಸ್ಟ್-ಹಾರ್ಡ್‌ಕೋರ್ ಎಂಬ, ಪಂಕ್‌ನಿಂದ ಬೆಳೆದ ಬಿರುಸಿನ ರಾಕ್ ಸಂಗೀತದಲ್ಲಿ ಕೇಳಿಸಿದ ಕತ್ತಲೆಯನ್ನೂ ಒರಟುತನವನ್ನೂ ಬ್ಲಿಂಕ್‌ನ ನಗೆಚಾಟಿಕೆಯ ನಡುವೆ ಇಡಲು ಜಾಗವಿರಲಿಲ್ಲ. ಅದಕ್ಕೆಂದೇ ಡೇವಿಡ್ ಕೆನಡಿ ಅವರ ಗಿಟಾರ್‌ನೊಂದಿಗೆ ಬೇರೆ ಆಲ್ಬಮ್ ರೂಪುಗೊಂಡಿತು. 2002ರ ಮೇ ತಿಂಗಳಲ್ಲಿ ಹೊರಬಂದು ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ 12ನೆಯ ಸ್ಥಾನಕ್ಕೇರಿತು. ‘ದೇರ್ ಈಸ್’ ಹಾಡನ್ನು ಮತ್ತೊಮ್ಮೆ ಕೇಳಿ. ಅಕೌಸ್ಟಿಕ್ ಗಿಟಾರ್‌ನ ಮೇಲೆ ಆ ಧ್ವನಿ ತನ್ನ ದೌರ್ಬಲ್ಯವನ್ನು ಮುಚ್ಚಿಟ್ಟುಕೊಳ್ಳದೆ ನಿಲ್ಲುತ್ತದೆ. ಅಂಥದ್ದನ್ನು ಅವರು ಅದಕ್ಕೆ ಮೊದಲು ಅಷ್ಟು ಧೈರ್ಯದಿಂದ ಮಾಡಿರಲಿಲ್ಲ. ಬ್ಲಿಂಕ್‌ನ 2003ರ ಆಲ್ಬಮ್ ಅಷ್ಟು ಗಾಢವಾದದ್ದಕ್ಕೂ ಈ ಪ್ರಯೋಗವೇ ದಾರಿ ಮಾಡಿಕೊಟ್ಟಿತೆಂದು ನಾನು ನಂಬುತ್ತೇನೆ. ನಿರ್ಮಾಪಕ ಜೆರ್ರಿ ಫಿನ್ ಎರಡರಲ್ಲೂ ಇದ್ದರು.

ತಮ್ಮ: ಹಾಗಾದರೆ ತಪ್ಪು ಎಲ್ಲಿ ನಡೆಯಿತೆನ್ನುತ್ತೀರಿ?

ಅಕ್ಕ: ಟ್ರಾವಿಸ್ ಸೇರಿಕೊಂಡದ್ದರಲ್ಲಿ. ಬೇರೆ ಯಾವ ಡ್ರಮ್ಮರ್ ಬಂದಿದ್ದರೂ ಇದು ಟಾಮ್ ಅವರ ಸ್ವಂತ ಪ್ರಯೋಗವಾಗಿ ಉಳಿಯುತ್ತಿತ್ತು. ಅವರು ಬಂದ ಮೇಲೆ, ಎಷ್ಟೇ ಸಮಜಾಯಿಷಿ ಕೊಟ್ಟರೂ, ಇದು ಮಾರ್ಕ್ ಇಲ್ಲದ ಬ್ಲಿಂಕ್ ಆಗಿಬಿಟ್ಟಿತು. ಹಣ ಉಳಿಸುವ ಕಾರಣ ನಿಜವೇ ಇರಬಹುದು, ಆದರೆ ಅಷ್ಟು ದೊಡ್ಡ ತಂಡದವರ ಬಾಯಲ್ಲಿ ಅದು ತೀರಾ ಸಣ್ಣ ಕಾರಣ.

ಚಿಕ್ಕಪ್ಪ: ನಾನು ಹೇಳುತ್ತಿರುವುದೂ ಅದನ್ನೇ. 2005ರಲ್ಲಿ ಬ್ಲಿಂಕ್ ನಿಂತುಹೋದ ಮೇಲೆ ಮಾರ್ಕ್ ಮತ್ತು ಟ್ರಾವಿಸ್ ಸೇರಿ ಪ್ಲಸ್-44 ಎಂಬ ಹೊಸ ತಂಡ ಕಟ್ಟಿದರು. ಆಗ ಹೊರಗುಳಿದವರು ಟಾಮ್.

ಅಕ್ಕ: ಆ ಒಡಕಿಗೆ ದಣಿವು, ಪ್ರವಾಸ, ಕುಟುಂಬಕ್ಕೆ ಕೊಡಬೇಕಾದ ಸಮಯ ಎಲ್ಲವೂ ಕಾರಣವಾಗಿದ್ದವು, ಅದನ್ನು ಪೂರ್ತಿಯಾಗಿ ಈ ಒಂದು ಆಲ್ಬಮ್ಮಿನ ತಲೆಗೆ ಕಟ್ಟಬೇಡಿ. ಈ ಸಂಜೆ ‘ದೇರ್ ಈಸ್’ ಕೇಳಿ, ಆಮೇಲೆ ವಾದ ಮುಂದುವರಿಸೋಣ.